ಕುಸಿದ ಸ್ಥಳ, ದೋಷದ ಮೂಲ

ಕಾಪುವಿನಿಂದ ಕಾರ್ಕಳದವರೆಗೆ ನೀವು ಯಾವ ಕಚೇರಿಯ ಕಿಟಕಿಯ ಮುಂದೆ ಸರದಿಯಲ್ಲಿ ನಿಂತರೂ, ಒಂದಲ್ಲ ಒಂದು ದಿನ ಆ ಕಡೆಯಿಂದ ‘ಸರ್ವರ್ ಡೌನ್ ಉಂಟು, ಊಟ ಮುಗಿಸಿ ಬನ್ನಿ’ ಎಂಬ ಮಾತು ಬಾರದೆ ಇರುವುದಿಲ್ಲ. ಹೇಳುವವರಿಗೂ ಕೇಳುವವರಿಗೂ ಅದು ಎಷ್ಟು ರೂಢಿಯಾಗಿದೆಯೆಂದರೆ, ಡೌನ್ ಆದುದು ಯಾವುದು, ಏತಕ್ಕಾಗಿ ಆಯಿತು, ಮಧ್ಯಾಹ್ನದ ಮೇಲೆ ಅದನ್ನು ಎಬ್ಬಿಸಿದವರು ಕಾರಣವನ್ನು ಕಂಡುಹಿಡಿದು ಎಬ್ಬಿಸಿದರೋ ಬರಿದೆ ಗುಂಡಿಯೊತ್ತಿ ಎಬ್ಬಿಸಿದರೋ ಎಂದು ವಿಚಾರಿಸುವ ಗೋಜಿಗೆ ಯಾರೂ ಹೋಗುವುದಿಲ್ಲ. ಬಹುಪಾಲು ಸಂದರ್ಭಗಳಲ್ಲಿ ಕಾರಣವೂ ಕ್ಷುಲ್ಲಕವಾದುದೇ: ಎಲ್ಲಿಯೋ ರಸ್ತೆಯಗೆತದಲ್ಲಿ ಕೇಬಲ್ ತುಂಡಾಗಿರುತ್ತದೆ, ಇಲ್ಲವೇ ಯುಪಿಎಸ್ಸಿನ ಬ್ಯಾಟರಿ ಹಳತಾಗಿ ಕೈಕೊಟ್ಟಿರುತ್ತದೆ. ಆದರೆ ಅಪರೂಪವಾಗಿ ಇನ್ನೊಂದು ಜಾತಿಯ ಕುಸಿತವುಂಟು. ಅಲ್ಲಿ ಕೇಬಲ್ ಸರಿಯಾಗಿರುತ್ತದೆ, ಕರೆಂಟು ಇರುತ್ತದೆ, ಯಂತ್ರದ ದೀಪಗಳೂ ಉರಿಯುತ್ತಿರುತ್ತವೆ. ಆದರೆ ಆ ಯಂತ್ರವನ್ನು ಆಳುತ್ತಿದ್ದ ಕರ್ನೆಲ್ ಎಂಬ ಮೂಲ ತಂತ್ರಾಂಶವೇ, ತಾನು ಮುಂದೆ ಒಂದು ಹೆಜ್ಜೆಯನ್ನೂ ಇಡಲಾರೆನೆಂದು ತೀರ್ಮಾನಿಸಿ, ಪರದೆಯ ಮೇಲೆ ಒಂದು ಪುಟದಷ್ಟು ಅಂಕಿಗಳನ್ನು ಚೆಲ್ಲಿ ನಿಶ್ಚೇಷ್ಟಿತವಾಗಿರುತ್ತದೆ. ಇಂಥ ಕುಸಿತಗಳಲ್ಲಿ ನೆಟ್‌ವರ್ಕ್ ಕಾರ್ಡಿನ ಡ್ರೈವರಿನಿಂದ ಉಂಟಾಗುವುದು, ಅಥವಾ ಅದರಿಂದ ಉಂಟಾಯಿತೆಂದು ಜನ ಭಾವಿಸುವುದು, ಒಂದು ಪ್ರಸಿದ್ಧ ವರ್ಗ. ಅದರ ಶೋಧನೆಯ ಕ್ರಮವನ್ನು ಸಾಮಾನ್ಯ ಓದುಗರೂ ತಿಳಿಯತಕ್ಕುದೆಂದು ನನ್ನ ಅಭಿಪ್ರಾಯ. ಏಕೆಂದರೆ ದೋಷವನ್ನು ಹುಡುಕುವ ವಿದ್ಯೆಯೊಂದು ತನ್ನ ಅತ್ಯಂತ ಪರಿಷ್ಕೃತ ರೂಪದಲ್ಲಿ ಅಲ್ಲಿ ಕಾಣಸಿಗುತ್ತದೆ.

ಮೊದಲು ಕರ್ನೆಲ್ ಎಂದರೆ ಏನೆಂಬುದನ್ನು ಸ್ಥೂಲವಾಗಿ ಹೇಳಬೇಕು. ನಾವು ಬಳಸುವ ಪತ್ರಲೇಖನದ, ಲೆಕ್ಕಪತ್ರದ, ಚಿತ್ರವೀಕ್ಷಣೆಯ ತಂತ್ರಾಂಶಗಳೆಲ್ಲ ಕರ್ನೆಲ್ಲಿನ ಆಳ್ವಿಕೆಗೆ ಒಳಪಟ್ಟವು. ಅವುಗಳಲ್ಲೊಂದು ತನಗೆ ಸೇರದ ಸ್ಮೃತಿಕೋಶಕ್ಕೆ ಕೈಹಾಕಿದರೆ ಕರ್ನೆಲ್ ಅದೊಂದನ್ನು ಮಾತ್ರ ನಿಲ್ಲಿಸಿ, ಉಳಿದವನ್ನು ಯಥಾಪ್ರಕಾರ ನಡೆಸುತ್ತದೆ. ಆದರೆ ಕರ್ನೆಲ್ಲೇ ಅಂಥ ಅತಿಕ್ರಮವನ್ನು ಎಸಗಿದರೆ ಅದನ್ನು ತಡೆಯಲು ಅದರ ಮೇಲೆ ಯಾರೂ ಇಲ್ಲ. ಕಾರ್ಡು, ಡಿಸ್ಕು, ಪರದೆ ಮೊದಲಾದ ಒಂದೊಂದು ಸಾಧನದೊಡನೆ ವ್ಯವಹರಿಸಲು ಬರೆದ ಡ್ರೈವರುಗಳು ಬಹುತೇಕ ವ್ಯವಸ್ಥೆಗಳಲ್ಲಿ ಕರ್ನೆಲ್ಲಿನ ಒಡಲೊಳಗೇ, ಅದರ ಸಮಸ್ತ ಅಧಿಕಾರದೊಡನೆ ಕೆಲಸ ಮಾಡುತ್ತವೆ. ಕರ್ನೆಲ್ಲಿನ ತಿರುಳನ್ನು ಸಹಸ್ರಾರು ಕಣ್ಣುಗಳು ಪ್ರತಿದಿನವೂ ಪರೀಕ್ಷಿಸುತ್ತಿರಲು, ಯಾವುದೋ ಒಂದು ಕಾರ್ಡಿನ ಡ್ರೈವರನ್ನು ಓದಿದವರು ಬೆರಳೆಣಿಕೆಯ ಮಂದಿ ಮಾತ್ರ ಇರಬಹುದು. ಲಿನಕ್ಸ್ ಎಂಬ ಕರ್ನೆಲ್ಲಿನ ಮೂಲಸಂಕೇತದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಡ್ರೈವರುಗಳದೇ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಅಧ್ಯಯನವು, ಕೆಲವು ಬಗೆಯ ದೋಷಗಳ ಪ್ರಮಾಣ ಕರ್ನೆಲ್ಲಿನ ಇತರ ಭಾಗಗಳಿಗಿಂತ ಡ್ರೈವರುಗಳಲ್ಲಿ ಮೂರರಿಂದ ಏಳು ಪಟ್ಟಿನವರೆಗೆ ಅಧಿಕವೆಂದು ತೋರಿಸಿತು. ಅಧಿಕಾರ ಪೂರ್ಣ, ಪರೀಕ್ಷೆ ಅಪೂರ್ಣ: ಡ್ರೈವರುಗಳ ಸಮಸ್ಯೆಯೆಲ್ಲ ಇಷ್ಟರಲ್ಲಿ ಅಡಗಿದೆ.

ನೆಟ್‌ವರ್ಕ್ ಕಾರ್ಡಿನ ಡ್ರೈವರಿನ ವಿಷಯದಲ್ಲಿ ಇನ್ನೊಂದು ವಿಶೇಷವಿದೆ. ಡಿಸ್ಕು ಕೇಳಿದಾಗ ಮಾತ್ರ ಉತ್ತರ ಕೊಡುತ್ತದೆ. ನೆಟ್‌ವರ್ಕ್ ಕಾರ್ಡಾದರೋ ಹೊರಜಗತ್ತು ಯಾವಾಗ ಬೇಕಾದರೂ, ಎಷ್ಟು ಬೇಕಾದರೂ ಕಳುಹಿಸುವ ಪ್ಯಾಕೆಟ್ಟುಗಳನ್ನು ಸ್ವೀಕರಿಸಲೇಬೇಕು. ಒಂದು ಗಿಗಾಬಿಟ್ ವೇಗದ ಸಾಧಾರಣ ಕಾರ್ಡಿಗೆ, ಅತಿ ಚಿಕ್ಕ ಪ್ಯಾಕೆಟ್ಟುಗಳಾದರೆ, ಸೆಕೆಂಡಿಗೆ ಸುಮಾರು 14 ಲಕ್ಷ 88 ಸಾವಿರ ಬಂದು ತಲಪಬಹುದು. ಆದುದರಿಂದ ಡ್ರೈವರು ಮುಂಚಿತವಾಗಿಯೇ ಸ್ಮೃತಿಯಲ್ಲಿ ಸಣ್ಣ ಸಣ್ಣ ತಾಣಗಳನ್ನು ಕಾದಿರಿಸಿ, ಅವುಗಳ ವಿಳಾಸಗಳನ್ನು ಒಂದು ಪಟ್ಟಿಯಲ್ಲಿ ಬರೆದಿಡುತ್ತದೆ. ಕೊನೆಯದು ಮುಗಿದೊಡನೆ ಮೊದಲನೆಯದಕ್ಕೆ ಮರಳುವುದರಿಂದ ಈ ಪಟ್ಟಿಗೆ ರಿಂಗ್ ಎಂದು ಹೆಸರು. ಇಂಟೆಲ್ಲಿನ ಇ1000 ಕುಟುಂಬದ ಕಾರ್ಡುಗಳಲ್ಲಿ ಸಾಮಾನ್ಯವಾಗಿ ಅದಕ್ಕೆ 256 ಮನೆಗಳು. ಬಂದ ಪ್ಯಾಕೆಟ್ಟನ್ನು ಕಾರ್ಡು ಪ್ರೊಸೆಸರನ್ನು ಕೇಳದೆ, ಪಟ್ಟಿಯಲ್ಲಿದ್ದ ವಿಳಾಸಕ್ಕೆ ನೇರವಾಗಿ ಬರೆದು, ಅನಂತರ ಇಂಟರಪ್ಟಿನ ಮೂಲಕ ವಾರ್ತೆಯನ್ನು ತಿಳಿಸುತ್ತದೆ. ಹೀಗೆ ಒಂದೇ ಸ್ಮೃತಿಭಾಗವನ್ನು ಕಾರ್ಡು ಒಂದು ಕಡೆಯಿಂದಲೂ, ಎರಡು ಮೂರು ಪ್ರೊಸೆಸರುಗಳು ಇನ್ನೊಂದು ಕಡೆಯಿಂದಲೂ ಏಕಕಾಲಕ್ಕೆ ಮುಟ್ಟುತ್ತಿರುವಲ್ಲಿ, ಯಾರು ಮೊದಲು, ಯಾರು ಆಮೇಲೆ ಎಂಬ ಕ್ರಮ ಒಂದು ಸೆಕೆಂಡಿನ ಕೋಟಿ ಪಾಲಿನಷ್ಟು ತಪ್ಪಿದರೂ ಅನರ್ಥ ತಪ್ಪಿದ್ದಲ್ಲ.

ಕಾರ್ಕಳದ ಕಡೆಯ ಒಂದು ಕಚೇರಿಯಲ್ಲಿ ಇಂಥದೊಂದು ಪ್ರಸಂಗ ನಡೆಯಿತೆಂದು ಕಲ್ಪಿಸಿಕೊಳ್ಳೋಣ. ಜೂನ್ ತಿಂಗಳು, ಕರೆಂಟು ಕ್ಷಣಕಾಲ ಹೋಗಿ ಬರುವುದು ನಿತ್ಯದ ಸಂಗತಿ. ಸರ್ವರಿಗೆ ಯುಪಿಎಸ್ ಇದೆ. ಆದರೆ ಗೋಡೆಯ ಮೇಲಿನ ನೆಟ್‌ವರ್ಕ್ ಸ್ವಿಚ್ಚಿಗೆ ಇಲ್ಲ. ಕರೆಂಟು ಹೋಗಿ ಬಂದ ಕೆಲವು ದಿನಗಳಲ್ಲಿ, ಎಲ್ಲ ದಿನಗಳಲ್ಲಿಯೂ ಅಲ್ಲ, ಸರ್ವರ್ ಕುಸಿಯುತ್ತದೆ. ನಮ್ಮ ಕರಾವಳಿಯಲ್ಲಿ ಇದಕ್ಕೆ ಸಿದ್ಧ ಉತ್ತರವೊಂದಿದೆ: ‘ಸಿಡಿಲಿಗೆ ಕಾರ್ಡ್ ಹೋಗಿದೆ ಮಾರಾಯ್ರೆ.’ ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮಳೆಗಾಲದ ಮುಂಚಿನ ಗುಡುಗು ಸಿಡಿಲಿಗೆ ಮೋಡೆಮ್ಮುಗಳೂ ಕಾರ್ಡುಗಳೂ ಸುಟ್ಟುಹೋಗುವುದು ಇಲ್ಲಿಯ ಪ್ರತಿ ಊರಿನ ಅನುಭವ. ಆದಕಾರಣ ಕಾರ್ಡನ್ನು ಬದಲಾಯಿಸಿ ನೋಡುವುದು ನ್ಯಾಯವಾದ ಮೊದಲ ಹೆಜ್ಜೆಯೇ ಸರಿ. ಅದೇ ಮಾದರಿಯ ಹೊಸ ಕಾರ್ಡಿನಲ್ಲಿಯೂ ಕುಸಿತ ಮರುಕಳಿಸಿತೆಂದರೆ ಸಿಡಿಲು ಆರೋಪಮುಕ್ತವಾಯಿತು; ವಿಚಾರಣೆ ತಂತ್ರಾಂಶದ ಕಡೆಗೆ ತಿರುಗಬೇಕಾಯಿತು.

ವಿಚಾರಣೆಯ ಮೊದಲ ಸಾಕ್ಷ್ಯವೆಂದರೆ ಕುಸಿಯುವ ಕ್ಷಣದಲ್ಲಿ ಕರ್ನೆಲ್ ಬರೆದ ಆ ಒಂದು ಪುಟ. ಲಿನಕ್ಸ್ ಜನ ಅದನ್ನು ‘ಊಪ್ಸ್’ ಎಂದು ಕರೆಯುತ್ತಾರೆ. ನೋಡಿದವರಿಗೆ ಗಾಬರಿ ಹುಟ್ಟಿಸುವ ಆ ಅಂಕಿಗಳ ಮೊತ್ತದಲ್ಲಿ ಒಂದು ಶಿಸ್ತುಬದ್ಧ ಹೇಳಿಕೆಯಿದೆ. ಮೊದಲ ಸಾಲು, ಯಾವ ವಿಳಾಸವನ್ನು ಮುಟ್ಟಲು ಹೋಗಿ ಕರ್ನೆಲ್ ಎಡವಿತೆಂಬುದನ್ನು ತಿಳಿಸುತ್ತದೆ. ಮುಂದಿನದು, ಆಗ ನಡೆಯುತ್ತಿದ್ದ ಫಂಕ್ಷನ್ ಯಾವುದು, ಅದರ ಆರಂಭದಿಂದ ಎಷ್ಟನೆಯ ಬೈಟಿನಲ್ಲಿ ಈ ಅಪಘಾತವಾಯಿತು ಎಂಬುದನ್ನು ನಮೂದಿಸುತ್ತದೆ. ಅನಂತರ ಪ್ರೊಸೆಸರಿನ ರಿಜಿಸ್ಟರುಗಳಲ್ಲಿದ್ದ ಮೌಲ್ಯಗಳು. ಕೊನೆಗೆ ‘ಕಾಲ್ ಟ್ರೇಸ್’ ಎಂಬ ವಂಶಾವಳಿ, ಎಂದರೆ ಈ ಫಂಕ್ಷನ್ನನ್ನು ಕರೆದವರಾರು, ಅವರನ್ನು ಕರೆದವರಾರು ಎಂಬುದರ ಪಟ್ಟಿ. ಅದನ್ನು ಕೆಳಗಿನಿಂದ ಮೇಲಕ್ಕೆ ಓದಿದರೆ ಘಟನೆ ನಡೆದ ಅನುಕ್ರಮ ದೊರೆಯುತ್ತದೆ.

ಈ ಹೇಳಿಕೆಯ ಒಂದು ಅಂಕಿಯನ್ನು ಮಾತ್ರ ಹತ್ತಿರದಿಂದ ನೋಡೋಣ. ಮುಟ್ಟಲು ಹೋದ ವಿಳಾಸವು ಉದ್ದಕ್ಕೆ ಸೊನ್ನೆಗಳೇ ಇದ್ದು ತುದಿಯಲ್ಲಿ 18 ಎಂದು ಕಂಡಿತೆನ್ನಿ. ಇದು ಹದಿನಾರರ ಎಣಿಕೆಯ 18, ನಮ್ಮ ಹತ್ತರ ಎಣಿಕೆಯಲ್ಲಿ 24. ಅಷ್ಟು ಕೆಳಗಿನ ವಿಳಾಸದಲ್ಲಿ ಕರ್ನೆಲ್ಲಿಗೆ ಯಾವ ವ್ಯವಹಾರವೂ ಇರತಕ್ಕುದಲ್ಲ. ಬಲ್ಲವರು ಒಡನೆಯೇ ಹೀಗೆ ಊಹಿಸುತ್ತಾರೆ: ಯಾವುದೋ ಒಂದು ದಾಖಲೆಯ ಆರಂಭದಿಂದ 24 ಬೈಟು ಮುಂದಿರುವ ಅಂಶವನ್ನು ಓದಲು ಡ್ರೈವರು ಹೊರಟಿತು, ಆದರೆ ಆ ದಾಖಲೆಯ ವಿಳಾಸವಿರಬೇಕಾದಲ್ಲಿ ಸೊನ್ನೆಯಿತ್ತು. ಡ್ರೈವರಿನ ಮೂಲಸಂಕೇತವನ್ನು ತೆರೆದು, 24ನೆಯ ಬೈಟಿನಲ್ಲಿ ಯಾವ ಅಂಶವಿರುವುದೆಂದು ಎಣಿಸಿ ನೋಡಿದರೆ, ಸಂಶಯಿತ ಸಾಲು ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಕೈಗೆ ಸಿಕ್ಕುತ್ತದೆ.

ಇದಕ್ಕಿಂತ ಕುಟಿಲವಾದುದು ಇನ್ನೊಂದು ಜಾತಿ. ಒಂದು ಸ್ಮೃತಿಭಾಗವನ್ನು ಬಳಸಿ ಮುಗಿಸಿ ಬಿಟ್ಟುಕೊಟ್ಟ ಮೇಲೆಯೂ ಡ್ರೈವರಿನ ಇನ್ನೊಂದು ಭಾಗ ಅದನ್ನು ತನ್ನದೆಂದೇ ನಂಬಿ ಬಳಸುತ್ತಿರುತ್ತದೆ. ಅಷ್ಟರಲ್ಲಿ ಅದು ಬೇರೆಯವರ ಪಾಲಾಗಿರಬಹುದು; ಆಗ ಡ್ರೈವರು ಬರೆದದ್ದು ಫೈಲ್ ವ್ಯವಸ್ಥೆಯ ದಾಖಲೆಯ ಮೇಲೆ ಬಿದ್ದು, ಅರ್ಧ ಗಂಟೆ ಕಳೆದು, ನೆಟ್‌ವರ್ಕಿನ ಹೆಸರೇ ಇಲ್ಲದ ಒಂದು ಫಂಕ್ಷನ್ನಿನಲ್ಲಿ ಕರ್ನೆಲ್ ಕುಸಿಯಬಹುದು. ಇಂಥ ಕಳ್ಳತನವನ್ನು ಹಿಡಿಯಲು ಕರ್ನೆಲ್ ಬರೆದವರು ಒಂದು ಉಪಾಯ ಹೂಡಿದ್ದಾರೆ. ಪರೀಕ್ಷಾ ಸ್ಥಿತಿಯಲ್ಲಿ, ಬಿಟ್ಟುಕೊಟ್ಟ ಪ್ರತಿ ಸ್ಮೃತಿಭಾಗವನ್ನೂ 6ಬಿ ಎಂಬ ಒಂದೇ ಬೈಟಿನಿಂದ ತುಂಬಿಬಿಡುತ್ತಾರೆ. ಈ ಕ್ರಿಯೆಗೆ ಅವರಿಟ್ಟ ಹೆಸರು ‘ಪಾಯ್ಸನಿಂಗ್’, ಎಂದರೆ ವಿಷವಿಕ್ಕುವುದು. ಅನಂತರ ಯಾರಾದರೂ ಅಲ್ಲಿಂದ ಒಂದು ವಿಳಾಸವನ್ನು ಎತ್ತಿಕೊಂಡು ನಡೆದರೆ, ಅವರು ಎಡವಿದ ಕ್ಷಣ ರಿಜಿಸ್ಟರಿನಲ್ಲಿ 6ಬಿ 6ಬಿ 6ಬಿ ಎಂಬ ಸಾಲು ಅಚ್ಚೊತ್ತಿದಂತೆ ಕಾಣುತ್ತದೆ. ಅನುಭವಿಗಳಿಗೆ ಆ ಸಾಲೊಂದನ್ನು ಕಂಡರೆ ಸಾಕು, ಮಿಕ್ಕುದನ್ನು ಓದುವ ಮೊದಲೇ ಅಪರಾಧದ ಜಾತಿ ಗೊತ್ತಾಗಿರುತ್ತದೆ.

ನಮ್ಮ ಕಲ್ಪಿತ ಕಚೇರಿಯ ಕಥೆ ಈ ಎರಡನೆಯ ಜಾತಿಗೆ ಸೇರಿದ್ದು. ಸ್ವಿಚ್ಚಿನ ಕರೆಂಟು ಹೋದೊಡನೆ ಸಂಪರ್ಕ ಕಡಿಯುತ್ತದೆ. ಕಳುಹಿಸಬೇಕಾದ ಪ್ಯಾಕೆಟ್ಟುಗಳು ಬಾಕಿಯಿದ್ದರೆ ಡ್ರೈವರು ಕಾರ್ಡನ್ನು ಆರಂಭಸ್ಥಿತಿಗೆ ತರಲು ಹೊರಟು, ರಿಂಗನ್ನು ಬಿಚ್ಚಿ ಸ್ಮೃತಿಯನ್ನು ಬಿಟ್ಟುಕೊಡುತ್ತದೆ. ಅದೇ ಕ್ಷಣದಲ್ಲಿ ಇನ್ನೊಂದು ಪ್ರೊಸೆಸರು, ಸ್ವಲ್ಪ ಮುಂಚೆ ಬಂದಿದ್ದ ಪ್ಯಾಕೆಟ್ಟುಗಳನ್ನು ಅದೇ ರಿಂಗಿನಿಂದ ಎತ್ತುತ್ತಿದ್ದರೆ ಕುಸಿತ. ಎತ್ತಿ ಮುಗಿಸಿದ್ದರೆ ಕ್ಷೇಮ. ಕೆಲವು ದಿನ ಬಿದ್ದು ಕೆಲವು ದಿನ ಬೀಳದ ರಹಸ್ಯ ಇದೇ. ಪರಿಹಾರವೂ ಎರಡು ಮೂರು ಸಾಲಿನದು: ಪ್ಯಾಕೆಟ್ಟು ಎತ್ತುವ ಕಾರ್ಯವನ್ನು ಮೊದಲು ನಿಲ್ಲಿಸಿ, ಅದು ನಿಂತಿತೆಂದು ಖಾತ್ರಿಪಡಿಸಿಕೊಂಡು, ಆಮೇಲೆ ಸ್ಮೃತಿಯನ್ನು ಬಿಡತಕ್ಕುದು. ಸಾಲುಗಳು ಎಂದಿನವೇ, ಅವುಗಳ ಪೂರ್ವಾಪರ ಮಾತ್ರ ಬದಲಾಯಿತು. ಅಷ್ಟನ್ನು ಕಂಡುಹಿಡಿಯಲು ವಾರಗಳೇ ಹಿಡಿದಿರಬಹುದು.

ಬ್ಯಾಂಕುಗಳ ತವರೆನಿಸಿದ ಈ ನೆಲದಲ್ಲಿ ಈ ವಿಷಯವನ್ನು ವಿವರಿಸಲು ಬಹಳ ಶ್ರಮಪಡಬೇಕಾಗಿಲ್ಲ. 1906ರಲ್ಲಿ ಕಾರ್ಪೊರೇಷನ್ ಬ್ಯಾಂಕೂ 1925ರಲ್ಲಿ ಸಿಂಡಿಕೇಟ್ ಬ್ಯಾಂಕೂ ಹುಟ್ಟಿದ ಉಡುಪಿಯಲ್ಲಿ, ಕೈಬರಹದ ಲೆಡ್ಜರುಗಳ ಕಾಲದಲ್ಲಿ ದುಡಿದ ಹಿರಿಯ ಗುಮಾಸ್ತರನ್ನು ಕೇಳಿದರೆ ಅವರು ಹೇಳಿಯಾರು: ಸಂಜೆ ಐದಕ್ಕೆ ಲೆಕ್ಕ ತಾಳೆಯಾಗದಿದ್ದರೆ ತಪ್ಪು ಸಂಜೆ ಐದರದಲ್ಲ, ಬೆಳಗ್ಗೆ ಯಾವುದೋ ಪಿಗ್ಮಿ ಖಾತೆಯ ಎರಡು ಅಂಕಿಗಳನ್ನು ಅದಲುಬದಲಾಗಿ ಬರೆದಾಗಲೇ ಅದು ಹುಟ್ಟಿತ್ತು. ತಾಳೆ ನೋಡುವವನ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ. ಅವನು ಅದನ್ನು ಪ್ರಕಟಪಡಿಸಿದವನೇ ಹೊರತು ಎಸಗಿದವನಲ್ಲ.

ಈ ತತ್ತ್ವಕ್ಕೆ ಲಿನಕ್ಸಿನ ಇತಿಹಾಸದಲ್ಲಿ ಅತ್ಯಂತ ಮನೋಜ್ಞವಾದ ನಿದರ್ಶನ 2008ರಲ್ಲಿ ನಡೆಯಿತು. ಆ ವರ್ಷದ ಮಳೆಗಾಲದಲ್ಲಿ 2.6.27 ಎಂಬ ಆವೃತ್ತಿ ಇನ್ನೂ ಪರೀಕ್ಷೆಯ ಹಂತದಲ್ಲಿರಲು, ಅದನ್ನು ಪ್ರಯೋಗಿಸಿ ನೋಡಿದ ಕೆಲವರ ಇಂಟೆಲ್ ನೆಟ್‌ವರ್ಕ್ ಕಾರ್ಡುಗಳು ಶಾಶ್ವತವಾಗಿ ಮೂಕವಾದವು. ಯಂತ್ರವನ್ನು ಎಷ್ಟು ಸಲ ಆರಿಸಿ ಹೊತ್ತಿಸಿದರೂ, ಹಳೆಯ ಆವೃತ್ತಿಗೆ ಮರಳಿದರೂ ಫಲವಿಲ್ಲ. ಕಾರ್ಡಿನೊಳಗೆ ಅದರ ಗುರುತನ್ನೂ ಸ್ವಭಾವವನ್ನೂ ಬರೆದಿಟ್ಟಿರುವ ಸ್ಥಿರಸ್ಮೃತಿಯೇ ಕೆಟ್ಟುಹೋಗಿತ್ತು. ಆ ಕಾರ್ಡುಗಳ ಡ್ರೈವರಿನ ಹೆಸರು ಇ1000ಇ. ಕೆಟ್ಟದ್ದು ಅದರ ಕಾರ್ಡು, ಆ ಸ್ಮೃತಿಗೆ ಬರೆಯುವ ಅಧಿಕಾರವಿರುವುದು ಅದಕ್ಕೆ. ಆದುದರಿಂದ ಜಗತ್ತೆಲ್ಲ ಅದರ ಕಡೆಗೆ ಬೆರಳು ಮಾಡಿತು. ಉಬುಂಟು ಮೊದಲಾದ ಲಿನಕ್ಸ್ ವಿತರಣೆಗಳು ತಮ್ಮ ಪರೀಕ್ಷಾ ಆವೃತ್ತಿಗಳಲ್ಲಿ ಆ ಡ್ರೈವರನ್ನೇ ತಡೆಹಿಡಿದವು. ಈ ಶೋಧನೆಯ ಕಷ್ಟವನ್ನು ಯೋಚಿಸಿ ನೋಡಿ: ದೋಷ ಮರುಕಳಿಸುವುದೇ ಎಂದು ಪರೀಕ್ಷಿಸಲು ಹೋದರೆ, ಮರುಕಳಿಸಿದ ಪ್ರತಿಸಲವೂ ಒಂದು ಕಾರ್ಡು ಬಲಿಯಾಗುತ್ತಿತ್ತು. ಪರೀಕ್ಷಿಸುವವರು ಮೊದಲು ಆ ಸ್ಥಿರಸ್ಮೃತಿಯ ಪ್ರತಿಯನ್ನು ತೆಗೆದಿಟ್ಟುಕೊಳ್ಳಬೇಕೆಂದು ಎಚ್ಚರಿಕೆ ಕೊಡಬೇಕಾಯಿತು.

ಕೊನೆಗೆ ಅಕ್ಟೋಬರಿನಲ್ಲಿ ಬಯಲಾದ ಸತ್ಯ ಯಾರೂ ನಿರೀಕ್ಷಿಸದ ದಿಕ್ಕಿನಿಂದ ಬಂದಿತು. ಕರ್ನೆಲ್ಲಿನಲ್ಲಿ ಯಾವ ಫಂಕ್ಷನ್ ಯಾವಾಗ ನಡೆಯುತ್ತದೆಂದು ಗಮನಿಸಲು ಎಫ್‌ಟ್ರೇಸ್ ಎಂಬ ಹೊಸ ಸಾಧನವನ್ನು ಅದೇ ಆವೃತ್ತಿಯಲ್ಲಿ ಸೇರಿಸಿದ್ದರು. ಅದು ಫಂಕ್ಷನ್ನುಗಳ ವಿಳಾಸಗಳನ್ನು ಪಟ್ಟಿ ಮಾಡಿಕೊಂಡು, ಸೆಕೆಂಡಿಗೊಮ್ಮೆ ಎಚ್ಚೆತ್ತು, ಪಟ್ಟಿಯಲ್ಲಿದ್ದ ಜಾಗಗಳಲ್ಲಿನ ಸೂಚನೆಗಳನ್ನು ತಿದ್ದುತ್ತಿತ್ತು. ಆದರೆ ಕೆಲವು ಫಂಕ್ಷನ್ನುಗಳು ಆರಂಭದಲ್ಲಿ ಒಮ್ಮೆ ಮಾತ್ರ ನಡೆದು, ಕೂಡಲೇ ತಮ್ಮ ಜಾಗವನ್ನು ಬಿಟ್ಟುಕೊಡತಕ್ಕವು. ಹಾಗೆ ತೆರವಾದ ವಿಳಾಸಗಳು ಆಕಸ್ಮಿಕವಾಗಿ ಇ1000ಇ ಡ್ರೈವರಿಗೆ, ಕಾರ್ಡಿನ ಸ್ಥಿರಸ್ಮೃತಿಯನ್ನು ನೋಡುವ ಕಿಂಡಿಯಾಗಿ ದೊರೆತವು. ಎಫ್‌ಟ್ರೇಸಾದರೋ ಹಳೆಯ ಪಟ್ಟಿಯನ್ನೇ ನಂಬಿ ಅಲ್ಲಿಗೆ ಬಂದಿತು. ಅದು ಅಜಾಗರೂಕವಾಗಿಯೇನೂ ಇರಲಿಲ್ಲ. ತಾನು ನಿರೀಕ್ಷಿಸಿದ ಮೌಲ್ಯ ಅಲ್ಲಿದ್ದರೆ ಮಾತ್ರ ತಿದ್ದುವ ಎಚ್ಚರ ಅದಕ್ಕಿತ್ತು. ಆದರೆ ಅದು ಬಳಸಿದ ಪ್ರೊಸೆಸರ್ ಸೂಚನೆಗೆ ಒಂದು ವಿಚಿತ್ರ ಗುಣವಿದೆ: ಹೋಲಿಕೆ ತಪ್ಪಿದರೂ ಅದು ಓದಿದ ಮೌಲ್ಯವನ್ನೇ ಅದೇ ಜಾಗಕ್ಕೆ ಮರಳಿ ಬರೆಯುತ್ತದೆ. ಸಾಧಾರಣ ಸ್ಮೃತಿಯಲ್ಲಿ ಇದು ನಿರುಪದ್ರವಿ. ಬರೆದ ಮಾತ್ರಕ್ಕೆ ಕ್ರಿಯೆ ಆರಂಭಿಸುವ ಕಾರ್ಡಿನ ಸ್ಮೃತಿಯಲ್ಲಿ ಅದೇ ಮಾರಕ. ಇಂಟೆಲ್ಲಿನವರು ಆ ಸ್ಥಿರಸ್ಮೃತಿಗೆ ಬರಹತಡೆಯನ್ನು ಅಳವಡಿಸಿದರು. ಅಕ್ಟೋಬರ್ 9ರಂದು 2.6.27 ಬಿಡುಗಡೆಯಾಯಿತು, ಕೆಲವೇ ದಿನಗಳಲ್ಲಿ ಬಂದ 2.6.27.1ರಲ್ಲಿ ಎಫ್‌ಟ್ರೇಸಿನ ಆ ಭಾಗವನ್ನು ನಿಷ್ಕ್ರಿಯಗೊಳಿಸಲಾಯಿತು. ಎಫ್‌ಟ್ರೇಸಿನ ಕರ್ತೃ ಸ್ಟೀವನ್ ರಾಸ್ಟೆಡ್ ಅವರು ಮುಂದಿನ ಆವೃತ್ತಿಗೆ ಅದನ್ನು ಬೇರೆ ಕ್ರಮದಲ್ಲಿ ಕಟ್ಟಿದರು. ಇಂದು ಅದೇ ಎಫ್‌ಟ್ರೇಸ್ ಡ್ರೈವರುಗಳ ದೋಷ ಹುಡುಕುವವರ ನಿತ್ಯದ ಆಯುಧ. ಆರೋಪಿಯೆಂದು ಎಲ್ಲರೂ ತಿಳಿದಿದ್ದ ಡ್ರೈವರು ಈ ಪ್ರಕರಣದಲ್ಲಿ ಗಾಯಾಳುವಾಗಿತ್ತು. ಗಾಯಮಾಡಿದುದು ದೋಷಗಳನ್ನು ಕಾಣಲೆಂದೇ ನಿರ್ಮಿಸಿದ ಸಾಧನ.

ಇಂಥ ವಿಚಾರಣೆ ನಡೆಯಬೇಕಾದರೆ ಸಾಕ್ಷ್ಯ ಉಳಿದಿರಬೇಕು. ಅಲ್ಲಿಯೇ ದೊಡ್ಡ ತೊಡಕು. ಕುಸಿದ ಕರ್ನೆಲ್ ತನ್ನ ಕೊನೆಯ ಮಾತನ್ನು ಡಿಸ್ಕಿಗೆ ಬರೆಯಲಾರದು. ಏಕೆಂದರೆ ಡಿಸ್ಕಿಗೆ ಬರೆಯುವ ವ್ಯವಸ್ಥೆಯೂ ಅದರೊಂದಿಗೇ ಕುಸಿದಿದೆ. ಸಂದೇಶವನ್ನು ನೆಟ್‌ವರ್ಕಿನ ಮೂಲಕ ಇನ್ನೊಂದು ಯಂತ್ರಕ್ಕೆ ಕಳುಹಿಸುವ ನೆಟ್‌ಕನ್ಸೋಲ್ ಎಂಬ ಏರ್ಪಾಡಿದೆ. ಆದರೆ ಬಿದ್ದುದು ನೆಟ್‌ವರ್ಕಿನ ಡ್ರೈವರೇ ಆದಾಗ ಅದನ್ನು ನೆಚ್ಚುವುದು ಹೇಗೆ? ಈ ಪ್ರಶ್ನೆಗೆ ದೊರೆತ ಸಮರ್ಪಕ ಉತ್ತರದಲ್ಲಿ ನಮ್ಮ ರಾಜ್ಯದ ಪಾಲಿದೆಯೆಂಬುದು ಬಹುಮಂದಿಗೆ ತಿಳಿಯದು. ಎರಡು ಸಾವಿರದ ದಶಕದ ಮೊದಲ ಅರ್ಧದಲ್ಲಿ ಬೆಂಗಳೂರಿನ ಐಬಿಎಂ ಲಿನಕ್ಸ್ ತಂತ್ರಜ್ಞಾನ ಕೇಂದ್ರದ ತಂತ್ರಜ್ಞರು, ಎರಿಕ್ ಬೀಡರ್‌ಮನ್ ಎಂಬ ಅಮೆರಿಕನ್ನರು ರಚಿಸಿದ್ದ ಕೆಎಕ್ಸೆಕ್ ಎಂಬ ಸಾಧನವನ್ನು ಆಧಾರವಾಗಿಟ್ಟುಕೊಂಡು ಕೆಡಂಪ್ ಎಂಬ ವ್ಯವಸ್ಥೆಯನ್ನು ಕಟ್ಟಿದರು. ಅದನ್ನು ವಿವರಿಸುವ ಪ್ರಬಂಧ 2005ರಲ್ಲಿ ಕೆನಡಾದ ಒಟ್ಟಾವಾ ನಗರದ ಲಿನಕ್ಸ್ ಸಮ್ಮೇಳನದಲ್ಲಿ ವಿವೇಕ್ ಗೋಯಲ್, ಹರಿಪ್ರಸಾದ್ ನೆಲ್ಲಿತೀರ್ಥ, ಬೀಡರ್‌ಮನ್ ಇವರ ಹೆಸರಿನಲ್ಲಿ ಮಂಡಿತವಾಯಿತು; ಅದೇ ವರ್ಷ ಆಗಸ್ಟಿನಲ್ಲಿ ಬಂದ 2.6.13 ಆವೃತ್ತಿಯೊಡನೆ ಕೆಡಂಪ್ ಲಿನಕ್ಸಿನ ಅಂಗವಾಯಿತು.

ಅದರ ರಚನೆ ಹೀಗಿದೆ. ಯಂತ್ರ ಎದ್ದಾಗಲೇ ಸ್ಮೃತಿಯ ಒಂದು ಭಾಗವನ್ನು, ಉದಾಹರಣೆಗೆ 128 ಅಥವಾ 256 ಮೆಗಾಬೈಟನ್ನು, ಪ್ರತ್ಯೇಕವಾಗಿ ಕಾದಿರಿಸಿ, ಅಲ್ಲಿ ಎರಡನೆಯದೊಂದು ಚಿಕ್ಕ ಕರ್ನೆಲನ್ನು ಇರಿಸುತ್ತಾರೆ. ಮೊದಲನೆಯದು ಆರೋಗ್ಯದಿಂದಿರುವವರೆಗೂ ಇದಕ್ಕೆ ಕೆಲಸವಿಲ್ಲ. ಮೊದಲನೆಯದು ಕುಸಿದ ಕ್ಷಣ, ಯಂತ್ರವನ್ನು ಆರಿಸದೆಯೇ, ನಿಯಂತ್ರಣ ಇದಕ್ಕೆ ಹಸ್ತಾಂತರವಾಗುತ್ತದೆ. ತನಗಾಗಿ ಕಾದಿರಿಸಿದ ಜಾಗದಲ್ಲಿ ಮಾತ್ರ ಸಂಚರಿಸುವ ಇದು, ಮೊದಲಿನ ಕರ್ನೆಲ್ಲಿನ ಸ್ಮೃತಿಯನ್ನು ಕದಲಿಸದೆ, ಇದ್ದದ್ದನ್ನು ಇದ್ದಂತೆ ಡಿಸ್ಕಿಗೆ ನಕಲು ಮಾಡಿ, ಆ ಬಳಿಕ ಯಂತ್ರವನ್ನು ಯಥಾವಿಧಿ ಮರಳಿ ಎಬ್ಬಿಸುತ್ತದೆ. ಕಿಟಕಿಯ ಮುಂದೆ ನಿಂತವರು ಕೆಲವು ನಿಮಿಷ ಹೆಚ್ಚು ಕಾಯಬೇಕಾದೀತು. ಆದರೆ ವಿಎಂಕೋರ್ ಎಂಬ ಆ ಫೈಲಿನಲ್ಲಿ ಕುಸಿತದ ಕ್ಷಣದ ರಿಂಗು, ಅದರ ಪ್ರತಿ ಮನೆ, ಪ್ರತಿ ಪ್ರೊಸೆಸರು ಮಾಡುತ್ತಿದ್ದ ಕಾರ್ಯ ಎಲ್ಲವೂ ಉಳಿದಿರುತ್ತವೆ. ಮಣಿಪಾಲದಲ್ಲಿ ಕುಳಿತ ತಂತ್ರಜ್ಞರೊಬ್ಬರು ಅದನ್ನು ಮರುದಿನ ತೆರೆದು, ಒಂದು ಪ್ರೊಸೆಸರು ಬಿಟ್ಟುಕೊಟ್ಟ ರಿಂಗನ್ನು ಇನ್ನೊಂದು ಪ್ರೊಸೆಸರು ಹಿಡಿದುಕೊಂಡಿದ್ದುದನ್ನು ಕಣ್ಣಾರೆ ಕಾಣಬಹುದು.

ಅದೇ ಕಾಲದಲ್ಲಿ ಬೆಳೆದ ಕೆಪ್ರೋಬ್ಸ್ ಎಂಬ ಇನ್ನೊಂದು ಸಾಧನ, ನಡೆಯುತ್ತಿರುವ ಕರ್ನೆಲ್ಲಿನ ಯಾವುದೇ ಫಂಕ್ಷನ್ನಿನಲ್ಲಿ, ಯಂತ್ರವನ್ನು ನಿಲ್ಲಿಸದೆ, ಒಂದು ತಪಾಸಣೆಯ ಕೊಂಡಿಯನ್ನು ಸಿಕ್ಕಿಸಲು ಅನುವು ಮಾಡಿಕೊಟ್ಟಿತು. 2004ರ 2.6.9 ಆವೃತ್ತಿಯಲ್ಲಿ ಲಿನಕ್ಸನ್ನು ಸೇರಿದ ಈ ಸಾಧನವನ್ನು ಬೆಳೆಸಿ ಕಾಪಾಡಿದವರಲ್ಲಿ ಐಬಿಎಂನ ಬೆಂಗಳೂರು ತಂಡದ ಅನಂತ್ ಮಾವಿನಕಾಯನಹಳ್ಳಿ, ಪ್ರಸನ್ನ ಪಂಚಮುಖಿ ಮೊದಲಾದವರು ಪ್ರಮುಖರು. ಸಂಶಯವಿದ್ದೆಡೆ ಕರ್ನೆಲನ್ನು ಮತ್ತೆ ಕಟ್ಟಿ, ಯಂತ್ರವನ್ನು ಮತ್ತೆ ಎಬ್ಬಿಸಿ, ದೋಷ ಮತ್ತೆ ಬರಲೆಂದು ಕಾದು ಕುಳಿತುಕೊಳ್ಳುವ ಕಾಲ ಇದರಿಂದ ಎಷ್ಟೋ ಹ್ರಸ್ವವಾಯಿತು. ಜಗತ್ತಿನ ಯಾವ ಮೂಲೆಯಲ್ಲಿ ಲಿನಕ್ಸ್ ಸರ್ವರೊಂದು ಬಿದ್ದು ಅದರ ಕಾರಣವನ್ನು ಹುಡುಕಲು ತಂತ್ರಜ್ಞನೊಬ್ಬ ಕುಳಿತರೂ, ಅವನು ಕೈಗೆತ್ತಿಕೊಳ್ಳುವ ಮೊದಲ ಸಾಧನಗಳಲ್ಲಿ ಬೆಂಗಳೂರಿನಲ್ಲಿ ಬೆಳೆದವೂ ಇವೆ. ನಮ್ಮ ಪತ್ರಿಕೆಗಳು ನೂರಾರು ಸ್ಟಾರ್ಟಪ್ಪುಗಳ ಏಳುಬೀಳನ್ನು ಬರೆದಿವೆ. ಈ ಹೆಸರುಗಳನ್ನು ಬರೆದುದು ಕಡಿಮೆ.

ಸಾಕ್ಷ್ಯವೂ ಸಾಲದಾದಾಗ ಉಳಿಯುವುದು ಶುದ್ಧ ತರ್ಕ. ಹಳೆಯ ಆವೃತ್ತಿಯಲ್ಲಿ ಬೀಳುತ್ತಿರಲಿಲ್ಲ, ಹೊಸತರಲ್ಲಿ ಬೀಳುತ್ತದೆ. ನಡುವೆ ಹತ್ತು ಸಾವಿರ ತಿದ್ದುಪಡಿಗಳಾಗಿವೆ ಎಂದಿಟ್ಟುಕೊಳ್ಳಿ. ನಡುಮಧ್ಯದ ಆವೃತ್ತಿಯನ್ನು ಕಟ್ಟಿ ಪರೀಕ್ಷಿಸಿದರೆ ಅರ್ಧದಷ್ಟು ತಿದ್ದುಪಡಿಗಳು ಒಮ್ಮೆಗೇ ನಿರಪರಾಧಿಗಳೆನಿಸುತ್ತವೆ. ಉಳಿದರ್ಧವನ್ನು ಮತ್ತೆ ಅರ್ಧಿಸುತ್ತ ಹೋದರೆ ಸುಮಾರು 14 ಪರೀಕ್ಷೆಗಳಲ್ಲಿ ಹತ್ತು ಸಾವಿರದೊಳಗಿನ ಆ ಒಂದು ತಿದ್ದುಪಡಿ ಕೈಗೆ ಸಿಕ್ಕುತ್ತದೆ. ‘ಬೈಸೆಕ್ಟ್’ ಎಂಬ ಈ ಕ್ರಮಕ್ಕೆ ಡ್ರೈವರಿನ ಜ್ಞಾನವೇ ಬೇಕಿಲ್ಲ. ತಾಳ್ಮೆಯೂ, ಫಲಿತಾಂಶವನ್ನು ತಪ್ಪದೆ ಬರೆದಿಡುವ ಶಿಸ್ತೂ ಸಾಕು. ಆದರೆ ನಮ್ಮ ಕಾರ್ಕಳದ ಉದಾಹರಣೆಯಂತೆ ಕೆಲವೊಮ್ಮೆ ಮಾತ್ರ ಬೀಳುವ ದೋಷವಾದರೆ, ಒಮ್ಮೆ ಬೀಳಲಿಲ್ಲವೆಂಬ ಮಾತ್ರಕ್ಕೆ ಆ ಆವೃತ್ತಿಯನ್ನು ಶುದ್ಧವೆಂದು ಬಗೆದವನು ಮುಂದಿನ ಹದಿಮೂರು ಪರೀಕ್ಷೆಗಳನ್ನೂ ತಪ್ಪು ದಾರಿಯಲ್ಲಿ ಮಾಡುತ್ತಾನೆ.

ಇದೆಲ್ಲ ಕೆಲವು ತಜ್ಞರ ಖಾಸಗಿ ವ್ಯಸನವೆಂದು ತಿಳಿಯಬಾರದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸಂಸ್ಥೆಯ ರಕ್ಷಣಾ ತಂತ್ರಾಂಶದ ಒಂದು ಪರಿಷ್ಕರಣೆಯಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದು, ನಮ್ಮ ದೇಶದ ವಿಮಾನನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಬರಹದ ಬೋರ್ಡಿಂಗ್ ಪಾಸು ಕೊಡುವ ಸ್ಥಿತಿ ಬಂದುದು ಎಲ್ಲರ ನೆನಪಿನಲ್ಲಿರಬಹುದು. ಅದು ನೆಟ್‌ವರ್ಕ್ ಕಾರ್ಡಿನದಲ್ಲವಾದರೂ ಕರ್ನೆಲ್ಲಿನೊಳಗೆ ನಡೆಯುವ ಡ್ರೈವರಿನ ದೋಷವೇ. ತಂತ್ರಾಂಶ 21 ಅಂಶಗಳನ್ನು ನಿರೀಕ್ಷಿಸಿದ್ದಲ್ಲಿ ಅದಕ್ಕೆ ದೊರೆತುದು 20. ಇಲ್ಲದ 21ನೆಯದನ್ನು ಓದಲು ಹೋಗಿ ಅದು ತನಗೆ ಸೇರದ ಸ್ಮೃತಿಗೆ ಕೈಹಾಕಿತು. ದೋಷಯುಕ್ತ ಫೈಲನ್ನು 78 ನಿಮಿಷಗಳಲ್ಲಿ ಹಿಂತೆಗೆದುಕೊಂಡರೂ, ಅಷ್ಟರಲ್ಲಿ ಬಿದ್ದಿದ್ದ ಯಂತ್ರಗಳಲ್ಲಿ ಬಹುಪಾಲನ್ನು ದೂರದಿಂದ ಎಬ್ಬಿಸುವ ದಾರಿಯಿರಲಿಲ್ಲ. ಅವುಗಳ ಮುಂದೆ ಒಬ್ಬೊಬ್ಬ ಮನುಷ್ಯ ಹೋಗಿ ಕುಳಿತುಕೊಳ್ಳಬೇಕಾಯಿತು. ಕರ್ನೆಲ್ಲಿನೊಳಗಿನ ಒಂದು ಎಣಿಕೆ ತಪ್ಪಿದರೆ ಅದರ ಬೆಲೆಯನ್ನು ತೆರುವವರು ಆ ಸಂಕೇತವನ್ನು ಎಂದೂ ಕಾಣದ ಸಾಮಾನ್ಯ ಜನ.

ಮಣಿಪಾಲದ ತಾಂತ್ರಿಕ ವಿದ್ಯಾಲಯ 1957ರಲ್ಲಿಯೂ ಕಾರ್ಕಳ ತಾಲೂಕಿನ ನಿಟ್ಟೆಯದು 1986ರಲ್ಲಿಯೂ ಆರಂಭವಾದವು. ಈ ಎರಡರಿಂದಲೂ ಹೊರಬಂದ ತಂತ್ರಜ್ಞರು ಇಂದು ಜಗತ್ತಿನ ನಾನಾ ಕಡೆ ಇದ್ದಾರೆ. ಅಂಥ ವಿದ್ಯಾಲಯಗಳಲ್ಲಿ ಕಲಿಸುವವರಿಗೆ ನನ್ನದೊಂದು ವಿಜ್ಞಾಪನೆ. ವಿದ್ಯಾರ್ಥಿಗಳಿಗೆ ನಡೆಯುವ ಡ್ರೈವರನ್ನು ಬರೆಯಲು ಹೇಳಿಕೊಡುವುದರ ಜತೆಗೆ, ಬೀಳುವ ಡ್ರೈವರೊಂದನ್ನು ಕೊಟ್ಟು ಕಾರಣ ಹುಡುಕಿರೆಂದು ಹೇಳಿ. ಇದಕ್ಕೆ ಕಾರ್ಡು ಸುಡುವ ಭಯವಿಲ್ಲ, ಖರ್ಚೂ ಇಲ್ಲ. ಕ್ಯುಎಂಯು ಎಂಬ ಉಚಿತ ತಂತ್ರಾಂಶ, ಇ1000 ಕಾರ್ಡು ಸಹಿತವಾದ ಇಡೀ ಯಂತ್ರವನ್ನು ಸಾಮಾನ್ಯ ಲ್ಯಾಪ್‌ಟಾಪಿನೊಳಗೆ ಅನುಕರಿಸಿ ತೋರಿಸುತ್ತದೆ. ಕಾಪುವಿನ ಮನೆಯಲ್ಲಿ ಕುಳಿತ ವಿದ್ಯಾರ್ಥಿನಿ ಅದನ್ನು ದಿನಕ್ಕೆ ನೂರು ಸಲ ಬೀಳಿಸಿ ನೂರು ಸಲ ಎಬ್ಬಿಸಬಹುದು. ಉತ್ತರ ಪತ್ರಿಕೆಯಲ್ಲಿ ಅಂಕ ಕೊಡುವಾಗ, ದೋಷವನ್ನು ಕಂಡುಹಿಡಿದುದಕ್ಕೆ ಅರ್ಧವನ್ನೂ, ಯಾವ ಯಾವ ಸಂಶಯಗಳನ್ನು ಯಾವ ಆಧಾರದಿಂದ ತಳ್ಳಿಹಾಕಿದರೆಂಬ ವಿವರಣೆಗೆ ಉಳಿದರ್ಧವನ್ನೂ ಮೀಸಲಿಡಿ. ಆ ವಿವರಣೆಯನ್ನು ಕನ್ನಡದಲ್ಲಿ ಬರೆಯಬಯಸುವವರಿಗೆ ಅವಕಾಶವಿರಲಿ. ಕೋಟದ ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ಬರೆದ ಕರಾವಳಿ ನಾಡಿನಲ್ಲಿ ಅದೇನೂ ಅಸಾಧ್ಯವಲ್ಲ.

ಕಚೇರಿಗಳನ್ನು ನಡೆಸುವವರಿಗೆ ಹೇಳಬೇಕಾದುದು ಇನ್ನೂ ಸರಳ. ನಿಮ್ಮ ಸರ್ವರ್ ಲಿನಕ್ಸಿನದಾಗಿದ್ದರೆ ಅದರಲ್ಲಿ ಕೆಡಂಪನ್ನು ಸಿದ್ಧಪಡಿಸಿದೆಯೇ ಎಂದು ಅದನ್ನು ನೋಡಿಕೊಳ್ಳುವವರನ್ನು ಇಂದೇ ಕೇಳಿ; ಇಲ್ಲವಾದರೆ ಸಿದ್ಧಪಡಿಸಲು ಅರ್ಧ ದಿನದ ಕೆಲಸ. ಗೋಡೆಯ ಸ್ವಿಚ್ಚಿಗೂ ಯುಪಿಎಸ್ಸಿನ ಒಂದು ತಂತಿ ಕೊಡಿಸಿ. ಮುಂದಿನ ಸಲ ಯಂತ್ರ ಬಿದ್ದಾಗ, ಗುಂಡಿಯೊತ್ತುವ ಮೊದಲು, ಮೊಬೈಲಿನಲ್ಲಿ ಪರದೆಯ ಚಿತ್ರವೊಂದನ್ನು ತೆಗೆದು, ದಿನಾಂಕವನ್ನೂ ವೇಳೆಯನ್ನೂ, ಕರೆಂಟು ಹೋಗಿ ಬಂದಿತ್ತೇ ಎಂಬುದನ್ನೂ ಒಂದು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಿ.